ಸ್ಕ್ಯಾನಿಂಗ್ ಕೋಣೆ ಕಲಿಸಿದ ಹನ್ನೊಂದು ಪಾಠಗಳು

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರಿಗೆ ದೊಡ್ಡಾಸ್ಪತ್ರೆ ಎಂದರೆ ಬೆಂಗಳೂರಿಗಿಂತ ಮೊದಲು ನೆನಪಾಗುವುದು ಹೈದರಾಬಾದ್. ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಎಂಜಿಬಿಎಸ್‌ನಲ್ಲಿ ಇಳಿಯುತ್ತಾರೆ, ಇಲ್ಲವೇ ರೈಲಿನಲ್ಲಿ ಕಾಚಿಗೂಡಕ್ಕೆ ಬರುತ್ತಾರೆ. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ, ಮಕ್ತಲ್ ಕಡೆಯಿಂದಲೂ ಕನ್ನಡ ಮನೆಮಾತಿನವರು ಬರುತ್ತಾರೆ. ಇವರ ಜೊತೆಗೆ ಈ ಊರಿನ ತೆಲುಗರು, ಹಳೇ ಊರಿನ ದಖನಿ ಮಾತಿನವರು, ಕಾಚಿಗೂಡದ ಸುತ್ತ ತಲೆಮಾರುಗಳಿಂದ ನೆಲೆಸಿದ ಕನ್ನಡಿಗರು, ಎಲ್ಲರೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಇಲ್ಲಿ ರೇಡಿಯಾಲಜಿಸ್ಟ್ ಆಗಿ ವರ್ಷಗಟ್ಟಲೆ ಪ್ರೋಬ್ ಹಿಡಿದ ಮೇಲೆ ನನ್ನಲ್ಲಿ ಗಟ್ಟಿಯಾಗಿ ಉಳಿದ ನಂಬಿಕೆ ಒಂದೇ. ಅಲ್ಟ್ರಾಸೌಂಡಿನ ಬೆಲೆ ಯಂತ್ರದ ಬೆಲೆಯಿಂದ ಬರುವುದಿಲ್ಲ. ಸರಿಯಾದ ಪ್ರಶ್ನೆ, ಸರಿಯಾದ ಹೊತ್ತು, ಪ್ರಾಮಾಣಿಕ ರಿಪೋರ್ಟ್ ಈ ಮೂರರಿಂದ ಬರುತ್ತದೆ. ಈ ಪಾಠಗಳನ್ನು ಕಿರಿಯ ವೈದ್ಯರಿಗಾಗಿಯೂ ಚೀಟಿ ಹಿಡಿದು ಕಾಯುವವರಿಗಾಗಿಯೂ ಬರೆಯುತ್ತಿದ್ದೇನೆ.

1. ಮೊದಲು ಪ್ರಶ್ನೆ, ಆಮೇಲೆ ಪ್ರೋಬ್

ಬಹುತೇಕ ಚೀಟಿಗಳಲ್ಲಿ ‘ಯುಎಸ್‌ಜಿ ಅಬ್ಡಾಮೆನ್’ ಎಂದಷ್ಟೇ ಬರೆದಿರುತ್ತದೆ. ಅಷ್ಟನ್ನೇ ನಂಬಿ ಕೆಲಸ ಶುರು ಮಾಡಬಾರದು. ನೋವು ಎಲ್ಲಿ, ಯಾವಾಗಿನಿಂದ, ಉಂಡ ಮೇಲೆ ಹೆಚ್ಚಾಗುತ್ತದೆಯೇ, ಜ್ವರ ಇದೆಯೇ, ಹಿಂದೆ ಆಪರೇಷನ್ ಆಗಿದೆಯೇ, ಹೆಣ್ಣುಮಗಳಾದರೆ ಕೊನೆಯ ಮುಟ್ಟು ಯಾವಾಗ, ಇಷ್ಟು ಕೇಳಲು ಎರಡು ನಿಮಿಷ ಸಾಕು.

ಔರಾದ ಕಡೆಯ ಹಿರಿಯರೊಬ್ಬರು ಒಮ್ಮೆ, “ಮಷಿನ್‌ದಾಗ ಎಲ್ಲಾ ಕಾಣ್ತದಲ್ರಿ ಮೇಡಂ, ನಾ ಯಾಕ ಹೇಳ್ಬೇಕು?” ಎಂದರು. “ಎಲ್ಲಿ ನೋಡ್ಬೇಕಂತ ನೀವೇ ಹೇಳ್ಬೇಕ್ರಿ ಕಾಕಾ, ಮಷಿನ್ ಹೇಳಂಗಿಲ್ಲ” ಎಂದೆ. ಎಡಸೊಂಟದಿಂದ ತೊಡೆಸಂದಿಗೆ ನೋವು ಇಳಿಯುತ್ತದೆ ಎಂದು ಬೆರಳಿಟ್ಟು ತೋರಿಸಿದರು. ನೀರು ಕುಡಿಸಿ, ಮೂತ್ರಕೋಶ ತುಂಬುವವರೆಗೆ ಕೂರಿಸಿ, ಮೂತ್ರನಾಳ ಮೂತ್ರಕೋಶಕ್ಕೆ ಸೇರುವ ತುದಿಯನ್ನೇ ಹುಡುಕಿದೆ. ಪುಟ್ಟ ಕಲ್ಲು ಅಲ್ಲಿ ಕೂತಿತ್ತು. ಅವರು ಬಾಯಿಬಿಡದೆ ಮಲಗಿದ್ದರೆ, ಮೂತ್ರಕೋಶ ಖಾಲಿ ಇದ್ದರೆ, ಆ ಜಾಗ ಸುಲಭವಾಗಿ ಕಣ್ತಪ್ಪುತ್ತದೆ.

ಈ ವಿದ್ಯೆ ಬೆಳೆದು ಬಂದದ್ದೇ ಹೀಗೆ. ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್, ಜಾನ್ ಮ್ಯಾಕ್‌ವಿಕಾರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಸೇರಿ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹೊಟ್ಟೆಯ ಗಡ್ಡೆಗಳ ಅಲ್ಟ್ರಾಸೌಂಡ್ ಪರೀಕ್ಷೆಯ ಬಗ್ಗೆ ಬರೆದರು. ಅವರು ನೋಡಿದ ಮಹಿಳೆಯೊಬ್ಬರಿಗೆ ವಾಸಿಯಾಗದ ಜಠರದ ಕ್ಯಾನ್ಸರ್ ಎಂದು ವೈದ್ಯರು ಕೈಚೆಲ್ಲಿದ್ದರು. ಉಬ್ಬಿದ ಆ ಹೊಟ್ಟೆಯಲ್ಲಿ ಇರುವುದು ಗಟ್ಟಿ ಗಡ್ಡೆಯೋ ನೀರೋ ಎಂಬುದಷ್ಟೇ ಡೊನಾಲ್ಡ್ ಅವರ ಮುಂದಿದ್ದ ಪ್ರಶ್ನೆ. ಪ್ರತಿಧ್ವನಿ ನೀರು ಎಂದಿತು. ಅಂಡಾಶಯದ ದೊಡ್ಡ ನೀರುಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದರು, ಆಕೆ ಬದುಕಿದರು. ಇಂದಿನ ಯಂತ್ರಗಳ ಮುಂದೆ ಅವರ ಯಂತ್ರ ಏನೇನೂ ಅಲ್ಲ. ಆದರೆ ಪ್ರಶ್ನೆ ನಿಖರವಾಗಿತ್ತು.

2. ಧ್ವನಿಯ ದಾರಿ ಗೊತ್ತಿದ್ದರೆ ತಯಾರಿಯ ಕಾರಣ ಗೊತ್ತಾಗುತ್ತದೆ

ಸೆಕೆಂಡಿಗೆ 20,000 ಕಂಪನಗಳನ್ನು ಮೀರಿದ ಧ್ವನಿ ನಮ್ಮ ಕಿವಿಗೆ ಕೇಳಿಸದು. ಹೊಟ್ಟೆಯ ಸ್ಕ್ಯಾನಿಗೆ ನಾವು ಬಳಸುವುದು ಸುಮಾರು 2ರಿಂದ 5 ಮೆಗಾಹರ್ಟ್ಸ್. ಥೈರಾಯ್ಡ್, ಸ್ತನ, ರಕ್ತನಾಳಗಳಿಗೆ 7ರಿಂದ 15. ಕಂಪನ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ, ಆದರೆ ಧ್ವನಿ ಆಳಕ್ಕೆ ಇಳಿಯುವುದಿಲ್ಲ. ಆದ್ದರಿಂದಲೇ ಒಂದು ಯಂತ್ರಕ್ಕೆ ಮೂರು ನಾಲ್ಕು ಪ್ರೋಬ್‌ಗಳು. ದೇಹದ ಮೆದು ಭಾಗಗಳಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗುತ್ತದೆ. ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಮರಳಲು 13 ಮೈಕ್ರೋಸೆಕೆಂಡ್ ಬೇಕು. ಮರಳಿ ಬರಲು ಹಿಡಿದ ಹೊತ್ತನ್ನು ಲೆಕ್ಕ ಹಾಕಿಯೇ ಯಂತ್ರ ಪ್ರತಿಯೊಂದು ಚುಕ್ಕೆಯನ್ನೂ ಅದರ ಆಳದಲ್ಲಿ ಇಡುತ್ತದೆ.

ಈ ಧ್ವನಿಗೆ ಇಬ್ಬರು ಶತ್ರುಗಳು: ಗಾಳಿ ಮತ್ತು ಎಲುಬು. ಪ್ರೋಬ್‌ಗೂ ಚರ್ಮಕ್ಕೂ ನಡುವೆ ಗಾಳಿ ನಿಲ್ಲದಿರಲಿ ಎಂದೇ ತಣ್ಣನೆಯ ಜೆಲ್ ಹಚ್ಚುತ್ತೇವೆ. ಕರುಳಿನಲ್ಲಿ ಗಾಳಿ ತುಂಬಿದ್ದರೆ ಮೇದೋಜೀರಕ ಗ್ರಂಥಿ ಕಾಣುವುದೇ ಇಲ್ಲ. ಉಂಡರೆ ಪಿತ್ತಕೋಶ ಕುಗ್ಗುತ್ತದೆ, ಒಳಗಿನ ಕಲ್ಲು ಮರೆಯಾಗುತ್ತದೆ. ಅದಕ್ಕೇ ಆರು ಗಂಟೆ ಉಪವಾಸ. ರಾತ್ರಿಯೆಲ್ಲ ಏನೂ ತಿನ್ನದೆ ಬಂದವರು ಎಂಜಿಬಿಎಸ್‌ನಲ್ಲಿ ಇಳಿದ ಕೂಡಲೇ ಒಂದು ಇರಾನಿ ಚಹಾ ಕುಡಿದುಬಿಡುತ್ತಾರೆ. ಕೆನೆಹಾಲಿನ ಆ ಒಂದು ಕಪ್ಪು ಸಾಕು ಪಿತ್ತಕೋಶ ಕುಗ್ಗಲು. ಇದನ್ನು ಹಿಂದಿನ ದಿನವೇ ಫೋನಿನಲ್ಲಿ ಬಿಡಿಸಿ ಹೇಳಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಬೆಳಗಿನ ಮೊದಲ ಸರದಿ ಕೊಡಬೇಕು, ಅವರನ್ನು ಹಸಿವಿನಲ್ಲಿ ಕಾಯಿಸುವುದು ಅಪಾಯ. ಗರ್ಭಕೋಶ, ಪ್ರಾಸ್ಟೇಟ್ ನೋಡಲು ಮೂತ್ರಕೋಶ ತುಂಬಿರಬೇಕು, ಆದರೆ ತಡೆಯಲಾಗದಷ್ಟು ಅಲ್ಲ. ಯೋನಿಯ ಮೂಲಕ ಮಾಡುವ ಸ್ಕ್ಯಾನಿಗಾದರೆ ಮೂತ್ರಕೋಶ ಖಾಲಿ ಇರಬೇಕು. ಕಾರಣ ತಿಳಿದವರು ತಯಾರಿ ತಪ್ಪಿಸುವುದಿಲ್ಲ.

3. ರೋಗಿಯನ್ನು ಹೊರಳಿಸಿ

ಪಿತ್ತಕೋಶದ ಕಲ್ಲು ಪರದೆಯ ಮೇಲೆ ಹೇಗೆ ಕಾಣುತ್ತದೆಂದು ಹೇಳುತ್ತೇನೆ. ಪಿತ್ತರಸ ತುಂಬಿದ ಕೋಶ ಅಚ್ಚಕಪ್ಪು, ಅದರ ಗೋಡೆ ತೆಳ್ಳಗಿನ ಬಿಳಿ ಗೆರೆ. ತಳದಲ್ಲಿ ಒಂದು ಬಿಳಿಯ ಕಮಾನು ಹೊಳೆಯುತ್ತದೆ, ಅದರ ಹಿಂದೆ ನೇರವಾಗಿ ಕರಿಯ ನೆರಳು ಬೀಳುತ್ತದೆ. ಕಲ್ಲಿನಿಂದಾಚೆ ಧ್ವನಿ ದಾಟದ ಕಾರಣ ಆ ನೆರಳು. ಇಲ್ಲಿಗೆ ನಿಲ್ಲಿಸಬಾರದು. “ಎಡಮಗ್ಗುಲಾಗಿ ಮಲಗ್ರಿ” ಎಂದು ಹೊರಳಿಸಿದರೆ ಕಲ್ಲು ಉರುಳಿ ಜಾಗ ಬದಲಿಸುತ್ತದೆ. ಗೋಡೆಗೆ ಅಂಟಿದ ಪಾಲಿಪ್ ಆದರೆ ಕದಲುವುದಿಲ್ಲ, ನೆರಳೂ ಬೀಳದು. ಕಲ್ಲು ಕತ್ತಿನಲ್ಲಿ ಸಿಕ್ಕಿಕೊಂಡಿದ್ದರೆ ಎಷ್ಟು ಹೊರಳಿಸಿದರೂ ಅಲುಗದು. ಅಂಥವರಿಗೆ ಪ್ರೋಬ್ ಒತ್ತಿದ ಜಾಗದಲ್ಲೇ ಚುರುಕ್ಕೆಂದು ನೋವಾದರೆ ಪಿತ್ತಕೋಶ ಉರಿಯೂತಕ್ಕೆ ತಿರುಗಿದೆ ಎಂಬ ಸೂಚನೆ.

ಅಪೆಂಡಿಕ್ಸ್ ಹುಡುಕುವಾಗಲೂ ಅಷ್ಟೇ. 1986ರಲ್ಲಿ ನೆದರ್‌ಲ್ಯಾಂಡ್ಸ್‌ನ ಪೈಲಾರ್ಟ್ ತೋರಿಸಿಕೊಟ್ಟಂತೆ ಪ್ರೋಬನ್ನು ನಿಧಾನವಾಗಿ ಒತ್ತುತ್ತಾ ಕರುಳಿನ ಗಾಳಿ ಸರಿಸಬೇಕು. ಒತ್ತಿದರೂ ಚಪ್ಪಟೆಯಾಗದ, 6 ಮಿ.ಮೀ.ಗಿಂತ ದಪ್ಪನೆಯ, ಒಂದು ತುದಿ ಮುಚ್ಚಿದ ಕೊಳವೆ ಕಂಡರೆ ಸಂಶಯ ಗಟ್ಟಿಯಾಗುತ್ತದೆ. ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪು ಇದೆಯೇ ಎಂದು ನೋಡುವುದೂ ಒತ್ತಿಯೇ: ಆರೋಗ್ಯವಂತ ನಾಳ ಪ್ರೋಬ್ ಅಡಿಯಲ್ಲಿ ಮುಚ್ಚಿಕೊಳ್ಳುತ್ತದೆ, ಹೆಪ್ಪು ಕಟ್ಟಿದ್ದು ಮುಚ್ಚುವುದಿಲ್ಲ. ಕೈಯಲ್ಲಿ ಮುಟ್ಟಿ, ಒತ್ತಿ, ಉಸಿರು ಹಿಡಿಸಿ, ಹೊರಳಿಸಿ ನೋಡುವ ಪರೀಕ್ಷೆ ಇದು. ಫಿಲ್ಮಿನಲ್ಲಿ ಅಚ್ಚಾಗುವ ನಾಲ್ಕು ಚಿತ್ರಗಳಲ್ಲಿ ಇದರ ಬಹುಪಾಲು ಇರುವುದಿಲ್ಲ.

4. ಬಸುರಿಗೆ ವಾರಗಳ ಲೆಕ್ಕ ತಪ್ಪಬಾರದು

ಗರ್ಭಿಣಿಯ ಸ್ಕ್ಯಾನ್‌ಗಳಲ್ಲಿ ಒಂದೊಂದಕ್ಕೂ ಒಂದು ಹೊತ್ತಿದೆ, ಒಂದೊಂದು ಪ್ರಶ್ನೆಯಿದೆ. ಮೊದಲ ಮೂರು ತಿಂಗಳಲ್ಲಿ ಮಗುವಿನ ನೆತ್ತಿಯಿಂದ ಕುಂಡೆಯವರೆಗಿನ ಉದ್ದ ಅಳೆದರೆ ದಿನಗಳ ಲೆಕ್ಕ ಐದು–ಏಳು ದಿನಗಳ ಅಂತರದೊಳಗೆ ಸಿಗುತ್ತದೆ. ಏಳನೇ ತಿಂಗಳಲ್ಲಿ ಮೊದಲ ಸ್ಕ್ಯಾನ್ ಮಾಡಿಸಿದರೆ ಅದೇ ಲೆಕ್ಕ ಎರಡು–ಮೂರು ವಾರ ಅತ್ತಿತ್ತ ಆಗಬಹುದು. ಆಗ ಮಗು ಚಿಕ್ಕದೋ, ದಿನಗಳೇ ಕಡಿಮೆಯೋ ಎಂದು ಹೇಳುವುದು ಕಷ್ಟ. 11ರಿಂದ 14 ವಾರಗಳ ನಡುವೆ, ಆ ಉದ್ದ 45ರಿಂದ 84 ಮಿ.ಮೀ. ಇರುವಾಗ, ಕತ್ತಿನ ಹಿಂದಿನ ತೆಳುವಾದ ನೀರಿನ ಪದರ ಅಳೆಯುತ್ತೇವೆ; ಇದೇ ಎನ್‌ಟಿ ಸ್ಕ್ಯಾನ್. ಆ ಪದರ ಹೆಚ್ಚಿದ್ದರೆ ವರ್ಣತಂತುಗಳ ದೋಷವೋ ಹೃದಯದ ತೊಂದರೆಯೋ ಇರಬಹುದೆಂದು ಮುಂದಿನ ಪರೀಕ್ಷೆಗೆ ಕಳಿಸುತ್ತೇವೆ.

18ರಿಂದ 22 ವಾರಗಳ ನಡುವಿನದು ಅಂಗಾಂಗಗಳ ಸ್ಕ್ಯಾನ್. ಹೈದರಾಬಾದಿನಲ್ಲಿ ಇದಕ್ಕೆ ಎಲ್ಲರೂ ಹೇಳುವುದು ‘ಟಿಫಾ’. ಮೆದುಳು, ಬೆನ್ನುಹುರಿ, ಹೃದಯದ ನಾಲ್ಕು ಕೋಣೆ, ಕಿಡ್ನಿ, ಕೈಕಾಲು, ತುಟಿ, ಒಂದೊಂದನ್ನೂ ಎಣಿಸಿ ನೋಡುತ್ತೇವೆ. ಈ ವಾರಗಳಿಗೇ ಏಕೆ ಒತ್ತಾಯ ಎಂದರೆ, ಈಗ ಅಂಗಗಳು ಕಾಣುವಷ್ಟು ಬೆಳೆದಿರುತ್ತವೆ, ಮುಂದಿನ ನಿರ್ಧಾರಕ್ಕೆ ಸಮಯವೂ ಇರುತ್ತದೆ. 2021ರಲ್ಲಿ ತಿದ್ದುಪಡಿಯಾದ ಗರ್ಭಪಾತ ಕಾನೂನು ಕೆಲವು ವರ್ಗದ ಮಹಿಳೆಯರಿಗೆ ಮಿತಿಯನ್ನು 20ರಿಂದ 24 ವಾರಕ್ಕೆ ಏರಿಸಿದೆ. ಮಗುವಿನಲ್ಲಿ ಗಂಭೀರ ದೋಷವಿದ್ದಾಗ 24 ವಾರ ದಾಟಿದರೂ ವೈದ್ಯಕೀಯ ಮಂಡಳಿ ಅನುಮತಿ ಕೊಡಬಹುದು. ಹಾಗಿದ್ದರೂ 28ನೇ ವಾರದಲ್ಲಿ ಮೊದಲ ಸಲ ಬರುವ ತಾಯಿಯ ಮುಂದಿನ ದಾರಿ ಬಹಳ ಇಕ್ಕಟ್ಟು. ದೋಷ ಸಿಕ್ಕಿತೆಂದರೆ ಗರ್ಭಪಾತವೇ ಗತಿ ಎಂದಲ್ಲ. ಎಷ್ಟೋ ಹೃದಯ ದೋಷಗಳಿಗೆ, ಕರುಳಿನ ದೋಷಗಳಿಗೆ ಹುಟ್ಟಿದ ಮೇಲೆ ಆಪರೇಷನ್ ಇದೆ. ಮೊದಲೇ ತಿಳಿದರೆ ಆ ಸೌಲಭ್ಯ ಇರುವ ಕಡೆಯೇ ಹೆರಿಗೆ ಮಾಡಿಸಬಹುದು.

ಹೆಚ್ಚು ಸ್ಕ್ಯಾನ್ ಮಾಡಿಸಿದರೆ ಮಗುವಿಗೆ ತೊಂದರೆಯೇ ಎಂದು ಎಲ್ಲರೂ ಕೇಳುತ್ತಾರೆ. ಎಕ್ಸ್‌ರೇಯಲ್ಲಿರುವಂಥ ವಿಕಿರಣ ಇದರಲ್ಲಿ ಇಲ್ಲ. ಆದರೂ ಧ್ವನಿಗೆ ಶಕ್ತಿ ಇದೆ, ಅದು ಸ್ವಲ್ಪ ಶಾಖ ಹುಟ್ಟಿಸುತ್ತದೆ. ಅದಕ್ಕಾಗಿ ಮೊದಲ ವಾರಗಳಲ್ಲಿ ಎದೆಬಡಿತ ಕೇಳಿಸಲೆಂದು ಹೆಚ್ಚು ಶಕ್ತಿ ಬಳಸುವ ಡಾಪ್ಲರ್ ಹಚ್ಚದೆ, ಎಂ–ಮೋಡ್‌ನಲ್ಲಿ ಅಳೆದು ಸಂಖ್ಯೆ ಹೇಳುತ್ತೇನೆ. ಕಾರಣವಿದ್ದರೆ ಎಷ್ಟು ಬೇಕೋ ಅಷ್ಟು ಮಾಡಿಸಿ. ಮುಖ ನೋಡುವ ಆಸೆಗಾಗಿ ಬೇಡ.

5. ಹಿಂದಿನ ಸಿಸೇರಿಯನ್ ಕೇಳದೆ ಮಾಸಿನ ಬಗ್ಗೆ ಬರೆಯಬೇಡಿ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣದ ಹೆರಿಗೆಗಳಲ್ಲಿ ಶೇ 60.7ರಷ್ಟು ಸಿಸೇರಿಯನ್. ದೇಶದ ಸರಾಸರಿ ಶೇ 21.5. ಈ ಸಂಖ್ಯೆಯ ಪರಿಣಾಮ ನಮ್ಮ ಕೋಣೆಗೆ ಎರಡನೇ, ಮೂರನೇ ಬಸುರಿನಲ್ಲಿ ಬಂದು ತಲುಪುತ್ತದೆ. ಗರ್ಭಕೋಶದ ಹಳೆಯ ಹೊಲಿಗೆಯ ಮೇಲೆ ಮಾಸು ಬೇರೂರಿದರೆ, ಹೆರಿಗೆಯ ಹೊತ್ತಿಗೆ ಅದು ಬಿಡಿಸಿಕೊಳ್ಳದೆ ರಕ್ತ ಧಾರಾಕಾರ ಹರಿಯುತ್ತದೆ. ಪ್ರತಿ ಸಿಸೇರಿಯನ್ನಿನೊಂದಿಗೆ ಈ ಅಪಾಯ ಹೆಚ್ಚುತ್ತಾ ಹೋಗುತ್ತದೆ.

ಹಾಗಾಗಿ ಸಿಸೇರಿಯನ್ ಆದವರಲ್ಲಿ ಮಾಸು ಮುಂಭಾಗದಲ್ಲಿ, ಕೆಳಗೆ ಕೂತಿದ್ದರೆ ನಾನು ಅವಸರ ಮಾಡುವುದಿಲ್ಲ. ಮೂತ್ರಕೋಶ ಸ್ವಲ್ಪ ತುಂಬಿರುವಾಗ ನೋಡುತ್ತೇನೆ. ಮೂತ್ರಕೋಶಕ್ಕೂ ಗರ್ಭಕೋಶಕ್ಕೂ ನಡುವಿನ ಬಿಳಿಗೆರೆ ಅಖಂಡವಾಗಿದೆಯೇ? ಮಾಸಿನ ಹಿಂದಿನ ಕಪ್ಪು ಪಟ್ಟಿ ಉಳಿದಿದೆಯೇ? ಮಾಸಿನೊಳಗೆ ಅಂಕುಡೊಂಕಾದ ರಕ್ತದ ಮಡುಗಳಿವೆಯೇ? ಕಲರ್ ಡಾಪ್ಲರ್ ಹಚ್ಚಿದಾಗ ನಾಳಗಳು ಗೆರೆ ದಾಟಿ ಮೂತ್ರಕೋಶದ ಕಡೆಗೆ ಹೋಗುತ್ತಿವೆಯೇ? ಇವುಗಳಲ್ಲಿ ಒಂದಕ್ಕೆ ಸಂಶಯ ಬಂದರೂ ರಿಪೋರ್ಟ್ ಕಳಿಸಿ ಸುಮ್ಮನಾಗದೆ ವೈದ್ಯರಿಗೆ ನೇರವಾಗಿ ಫೋನ್ ಮಾಡುತ್ತೇನೆ. ರಕ್ತನಿಧಿ, ಅನುಭವಿ ಸರ್ಜನ್‌ಗಳು, ಐಸಿಯು ಇರುವ ಆಸ್ಪತ್ರೆಯಲ್ಲಿ ಮುಂಚೆಯೇ ದಿನ ಗೊತ್ತು ಮಾಡಿದರೆ ತಾಯಿ ಉಳಿಯುತ್ತಾಳೆ. ಸಣ್ಣ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಹೊತ್ತು ಗೊತ್ತಾದರೆ ಉಳಿಸುವುದು ದುಸ್ತರ.

ಇದರ ಜೊತೆಗೇ ಒಂದು ಸಮಾಧಾನದ ಮಾತು: ಐದನೇ ತಿಂಗಳಲ್ಲಿ ‘ಮಾಸು ಕೆಳಗಿದೆ’ ಎಂದು ಬಂದ ರಿಪೋರ್ಟುಗಳಲ್ಲಿ ಹೆಚ್ಚಿನವು ಗರ್ಭಕೋಶ ಬೆಳೆದಂತೆ ತಾವೇ ಸರಿಹೋಗುತ್ತವೆ. 32 ವಾರದ ಸುಮಾರಿಗೆ ಮತ್ತೆ ನೋಡಿಸಿ. ಅಲ್ಲಿಯವರೆಗೆ ಹಾಸಿಗೆ ಹಿಡಿಯಬೇಕೆಂದೇನೂ ಇಲ್ಲ.

6. ಫಾರ್ಮ್ ಎಫ್ ಒಂದು ಹೆಣ್ಣುಮಗುವಿನ ದಾಖಲೆ

ಈ ಯಂತ್ರ ಜೀವ ಉಳಿಸಿದಂತೆಯೇ ಜೀವ ತೆಗೆಯಲೂ ಬಳಕೆಯಾಗಿದೆ. ನಮ್ಮ ದೇಶದಲ್ಲಿ 0–6 ವಯಸ್ಸಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು. 2001ರ ಜನಗಣತಿಯಲ್ಲಿ 927ಕ್ಕೆ ಇಳಿದರು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲಿ ಬಂತು, 1996ರ ಜನವರಿ 1ರಿಂದ ಜಾರಿಯಾಯಿತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಪ್ರತಿ ಗರ್ಭಿಣಿಯ ಸ್ಕ್ಯಾನಿಗೂ ಫಾರ್ಮ್ ಎಫ್ ತುಂಬಬೇಕು. ಲಿಂಗ ತಿಳಿಯಲು ಬಂದಿಲ್ಲ ಎಂದು ಆಕೆ, ತಿಳಿಸಿಲ್ಲ ಎಂದು ವೈದ್ಯರು ಸಹಿ ಹಾಕಬೇಕು. ಪ್ರತಿ ತಿಂಗಳ 5ರೊಳಗೆ ಹಿಂದಿನ ತಿಂಗಳ ವರದಿ ಅಧಿಕಾರಿಗೆ ಹೋಗಬೇಕು. ದಾಖಲೆ ಎರಡು ವರ್ಷ ಇಡಬೇಕು.

2000ದ ದಶಕದ ಮಧ್ಯದಲ್ಲಿ ಹೈದರಾಬಾದ್ ಜಿಲ್ಲಾಡಳಿತ ನಗರದ ಸ್ಕ್ಯಾನಿಂಗ್ ಕೇಂದ್ರಗಳ ಈ ಫಾರ್ಮ್‌ಗಳನ್ನು ತರಿಸಿ ಒಂದೊಂದಾಗಿ ಪರಿಶೀಲಿಸಿತು. ದಾಖಲೆ ಸರಿಯಿಲ್ಲದ ಕೇಂದ್ರಗಳ ಮೇಲೆ ಕ್ರಮವಾಯಿತು, ಯಂತ್ರಗಳನ್ನು ವಶಕ್ಕೆ ಪಡೆದರು. ಕಾಗದದ ಲೆಕ್ಕವೇ ಈ ಕಾನೂನಿನ ಬೆನ್ನೆಲುಬು ಎಂಬುದನ್ನು ದೇಶಕ್ಕೆ ತೋರಿಸಿದ ಕೆಲಸ ಅದು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ, ಫಾರ್ಮ್ ಎಫ್ ಸರಿಯಾಗಿ ತುಂಬದಿರುವುದನ್ನು ಬರೀ ಗುಮಾಸ್ತಿಕೆಯ ಲೋಪ ಎಂದು ತಳ್ಳಿಹಾಕಲಾಗದು ಎಂದಿತು.

ಈ ಬರವಣಿಗೆ ಹೊರೆ ಎಂದು ಗೊಣಗುವ ಸಹೋದ್ಯೋಗಿಗಳಿದ್ದಾರೆ. ನಾನು ಅವರೊಂದಿಗೆ ಒಪ್ಪುವುದಿಲ್ಲ. “ಮೇಡಂ, ಬರೇ ಒಂದ್ ಸನ್ನೆ ಮಾಡ್ರಿ ಸಾಕು” ಎಂದು ಬಾಗಿಲ ಬಳಿ ನಿಂತು ಕೇಳಿದ ಅತ್ತೆಯಂದಿರನ್ನು ನೋಡಿದ್ದೇನೆ. ಒಳಗೆ ಮಲಗಿದ್ದ ಸೊಸೆಯ ಮುಖವನ್ನೂ ನೋಡಿದ್ದೇನೆ. ಅಂಥ ಹೊತ್ತಿನಲ್ಲಿ ಗೋಡೆಯ ಮೇಲಿನ ಬೋರ್ಡು, ಕೈಯಲ್ಲಿನ ಫಾರ್ಮು ಆ ಸೊಸೆಯ ಪಕ್ಷ ವಹಿಸುತ್ತವೆ. ಅದನ್ನು ಶ್ರದ್ಧೆಯಿಂದ ತುಂಬಬೇಕು.

7. ಜ್ವರದ ಕಾಲದಲ್ಲಿ ಪಿತ್ತಕೋಶ ನೋಡಿ ಹೆದರಬೇಡಿ

ಮಳೆಗಾಲ ಮುಗಿಯುತ್ತಾ ಬಂದಂತೆ ಡೆಂಗಿ ರೋಗಿಗಳು ಸಾಲುಗಟ್ಟುತ್ತಾರೆ. ಡೆಂಗಿಯಲ್ಲಿ ರಕ್ತನಾಳಗಳಿಂದ ದ್ರವ ಸೋರುತ್ತದೆ. ಆಗ ಪಿತ್ತಕೋಶದ ಗೋಡೆ 3 ಮಿ.ಮೀ. ದಾಟಿ ಪದರಪದರವಾಗಿ ಊದುತ್ತದೆ, ಬಲಗಡೆ ಶ್ವಾಸಕೋಶದ ಸುತ್ತ ನೀರು ಸೇರುತ್ತದೆ, ಹೊಟ್ಟೆಯಲ್ಲೂ ತೆಳುವಾಗಿ ನೀರು ಕಾಣುತ್ತದೆ. ಇದನ್ನು ಪಿತ್ತಕೋಶದ ಸೋಂಕು ಎಂದು ಬರೆದುಬಿಟ್ಟರೆ, ಪ್ಲೇಟ್‌ಲೆಟ್ ಇಳಿದಿರುವ ರೋಗಿ ಆಪರೇಷನ್ ಟೇಬಲ್ ಏರುವ ಅಪಾಯವಿದೆ. ಜ್ವರ ಎಷ್ಟು ದಿನದ್ದು, ಪ್ಲೇಟ್‌ಲೆಟ್ ಎಷ್ಟು ಎಂದು ಕೇಳಿ ನೋಡಿದರೆ ಉತ್ತರ ತಾನೇ ಸ್ಪಷ್ಟವಾಗುತ್ತದೆ. ಈ ಊತ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಎಚ್ಚರ ಇರಬೇಕಾದದ್ದು ಬೇರೆ ಕಡೆ: ಜ್ವರ ಇಳಿಯುವ ಹೊತ್ತಿನಲ್ಲಿ ನೀರು ಹೆಚ್ಚುತ್ತಿದ್ದರೆ ರೋಗಿಯನ್ನು ಮನೆಗೆ ಕಳಿಸಬಾರದು.

8. ಸೂಜಿಗೆ ಪ್ರೋಬ್ ದಾರಿ ತೋರಿಸುತ್ತದೆ

ಜ್ವರ, ಬಲಪಕ್ಕೆಯಲ್ಲಿ ನೋವು, ಆಳವಾಗಿ ಉಸಿರೆಳೆದರೆ ಚುಚ್ಚು. ತೆಲಂಗಾಣದಲ್ಲಿ ಇಷ್ಟು ಹೇಳುವ ಗಂಡಸರನ್ನು ನಾವು ಕಳ್ಳಿನ ಬಗ್ಗೆಯೂ ಕೇಳುತ್ತೇವೆ. ಕಳ್ಳು ಕುಡಿಯುವವರಲ್ಲಿ ಅಮೀಬಾದಿಂದ ಯಕೃತ್ತಿನಲ್ಲಿ ಕೀವುಗಡ್ಡೆ ಆಗುವುದು ವೈದ್ಯರಿಗೆ ಹಳೆಯ ಪರಿಚಯ. ಪ್ರೋಬ್ ಇಟ್ಟರೆ ಯಕೃತ್ತಿನ ಬಲಭಾಗದಲ್ಲಿ ಗುಂಡನೆಯ ಕಪ್ಪು ಜಾಗ, ಅದರೊಳಗೆ ಮಂದವಾಗಿ ತೇಲುವ ಕಣಗಳು. ಚಿಕ್ಕದಾದರೆ ಮಾತ್ರೆಗೇ ಕರಗುತ್ತದೆ. ದೊಡ್ಡದಾಗಿದ್ದು ಒಡೆಯುವಂತಿದ್ದರೆ, ಇಲ್ಲವೇ ಎಡಭಾಗದಲ್ಲಿದ್ದು ಹೃದಯದ ಚೀಲಕ್ಕೆ ಹತ್ತಿರವಾಗಿದ್ದರೆ, ಅಲ್ಲೇ ನೋಡುತ್ತಾ ಸೂಜಿ ಹಾಕಬೇಕು.

ಚರ್ಮಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಪಕ್ಕೆಲುಬುಗಳ ನಡುವೆ ಸೂಜಿ ಇಳಿಸುತ್ತೇನೆ. ಪರದೆಯ ಮೇಲೆ ಸೂಜಿಯ ತುದಿ ಬಿಳಿಚುಕ್ಕೆಯಾಗಿ ಮುಂದೆ ಸರಿಯುತ್ತದೆ. ಆ ಚುಕ್ಕೆ ಕಣ್ಣಿಗೆ ಕಾಣದಿದ್ದರೆ ಕೈ ಮುಂದೆ ಹೋಗಬಾರದು. ಇದೊಂದು ನಿಯಮಕ್ಕೆ ವಿನಾಯಿತಿ ಇಲ್ಲ. ತುದಿ ಗಡ್ಡೆಯೊಳಗೆ ಹೊಕ್ಕ ಮೇಲೆ ತಂತಿ, ತಂತಿಯ ಮೇಲೆ ತುದಿ ಸುರುಳಿಯಾಗಿರುವ ಪಿಗ್‌ಟೇಲ್ ಕೊಳವೆ. ಕೆಂಪು ಬೆರೆತ ಕಂದು ಬಣ್ಣದ, ವಾಸನೆಯಿಲ್ಲದ ಕೀವು ಚೀಲಕ್ಕೆ ಇಳಿಯತೊಡಗಿದಾಗ ರೋಗಿಯ ಉಸಿರಾಟ ಹಗುರಾಗುವುದನ್ನು ಅಲ್ಲೇ ನೋಡಬಹುದು. ಹೊಟ್ಟೆ ಕೊಯ್ಯದೆ ಆಗುವ ಈ ಚಿಕಿತ್ಸೆ ಅಲ್ಟ್ರಾಸೌಂಡ್ ನಮಗೆ ಕೊಟ್ಟ ದೊಡ್ಡ ವರ. ಥೈರಾಯ್ಡ್ ಗಂಟಿನ ಎಫ್‌ಎನ್‌ಎಸಿ, ಸ್ತನದ ಬಯಾಪ್ಸಿ, ಅರಿವಳಿಕೆ ತಜ್ಞರು ನರದ ಪಕ್ಕದಲ್ಲೇ ಮದ್ದು ಬಿಡುವುದು, ಎಲ್ಲಕ್ಕೂ ಇದೇ ನಿಯಮ.

ಗುಣವಾದ ಮೇಲೂ ಯಕೃತ್ತಿನಲ್ಲಿ ಆ ಗುಳಿ ತಿಂಗಳುಗಟ್ಟಲೆ ಕಾಣುತ್ತದೆ. ಜ್ವರ ನೋವು ಹೋಗಿದ್ದರೆ ವಾರವಾರಕ್ಕೆ ಸ್ಕ್ಯಾನ್ ಮಾಡಿಸಿ ಕಂಗಾಲಾಗಬೇಡಿ.

9. ಕೆಲವು ಪ್ರಶ್ನೆಗಳಿಗೆ ನಿಮಿಷಗಳಷ್ಟೇ ಅವಕಾಶ

ಹುಡುಗನಿಗೆ ಏಕಾಏಕಿ ವೃಷಣದಲ್ಲಿ ನೋವು ಬಂದರೆ ಅದು ತಿರುಚಿಕೊಂಡಿರಬಹುದು. ಆರು ಗಂಟೆಯೊಳಗೆ ಬಿಡಿಸಿದರೆ ಸಾಮಾನ್ಯವಾಗಿ ಉಳಿಯುತ್ತದೆ. ಡಾಪ್ಲರ್‌ನಲ್ಲಿ ರಕ್ತಸಂಚಾರ ನೋಡಲು ಐದು ನಿಮಿಷ ಸಾಕು, ಸಂಕೋಚಪಟ್ಟು ಬೆಳಗಾಗುವವರೆಗೆ ಕಾಯಬಾರದು. ಬಸುರಿನ ಪರೀಕ್ಷೆ ಪಾಸಿಟಿವ್, ಗರ್ಭಕೋಶ ಖಾಲಿ, ಹೊಟ್ಟೆಯಲ್ಲಿ ರಕ್ತ ಎಂದು ಕಂಡರೆ ನಾಳದಲ್ಲಿ ಕೂತ ಗರ್ಭ ಒಡೆದಿದೆ ಎಂದೇ ಹಿಡಿಯಬೇಕು. ಔಟರ್ ರಿಂಗ್ ರಸ್ತೆಯ ಅಪಘಾತದ ಗಾಯಾಳುಗಳಿಗೆ ಎಮರ್ಜೆನ್ಸಿಯಲ್ಲೇ ‘ಫಾಸ್ಟ್’ ಎಂಬ ಪರೀಕ್ಷೆ ಮಾಡುತ್ತಾರೆ: ಯಕೃತ್ತು–ಕಿಡ್ನಿ ನಡುವೆ, ಗುಲ್ಮದ ಸುತ್ತ, ಕಿಬ್ಬೊಟ್ಟೆಯಲ್ಲಿ, ಹೃದಯದ ಚೀಲದಲ್ಲಿ ರಕ್ತ ಇದೆಯೇ ಎಂಬ ನಾಲ್ಕೇ ಪ್ರಶ್ನೆ.

ಪ್ರಶ್ನೆಗೆ ತಕ್ಕಂತೆ ಯಾವ ಆಸ್ಪತ್ರೆ ಎಂಬುದೂ ತಿಳಿದಿರಲಿ. ನಿಲೋಫರ್‌ನಂಥ ಮಕ್ಕಳ ಆಸ್ಪತ್ರೆಗಳಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ನೆತ್ತಿಯ ಮೆತ್ತನೆ ಜಾಗದ ಮೂಲಕವೇ ಮೆದುಳಿನಲ್ಲಿ ರಕ್ತಸ್ರಾವ ಆಗಿದೆಯೇ ಎಂದು ನೋಡುತ್ತಾರೆ. ಕೂಸನ್ನು ಇನ್‌ಕ್ಯುಬೇಟರಿನಿಂದ ಹೊರತೆಗೆಯಬೇಕಿಲ್ಲ. ಸಕ್ಕರೆ ಕಾಯಿಲೆಯಿಂದ ಕಣ್ಣೊಳಗೆ ರಕ್ತ ತುಂಬಿ ರೆಟಿನಾ ಕಾಣದಾದಾಗ, 1987ರಲ್ಲಿ ಇಲ್ಲಿ ಶುರುವಾದ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಂಥ ಕಡೆ ಮುಚ್ಚಿದ ರೆಪ್ಪೆಯ ಮೇಲೆಯೇ ಪ್ರೋಬ್ ಇಟ್ಟು ರೆಟಿನಾ ಕಳಚಿದೆಯೇ ಎಂದು ಹೇಳುತ್ತಾರೆ. ಹೊಟ್ಟೆಯ ಮೇಲಿನಿಂದ ಕಾಣದ ಮೇದೋಜೀರಕ ಗ್ರಂಥಿಯನ್ನು ಎಐಜಿಯಂಥ ಆಸ್ಪತ್ರೆಗಳಲ್ಲಿ ಎಂಡೋಸ್ಕೋಪಿಯ ತುದಿಗೆ ಕೂರಿಸಿದ ಪ್ರೋಬ್‌ನಿಂದ, ಜಠರದ ಒಳಗಿನಿಂದಲೇ ನೋಡುತ್ತಾರೆ.

10. ಕಾಣದ್ದನ್ನೂ ಬರೆಯಿರಿ, ಕಂಡದ್ದನ್ನು ರೋಗಿಯ ಭಾಷೆಯಲ್ಲಿ ಹೇಳಿ

‘ನಾರ್ಮಲ್’ ಎಂಬ ಮಾತು ಬಹಳ ಭಾರದ್ದು. ಗಾಳಿಯಿಂದಾಗಿ ಮೇದೋಜೀರಕ ಗ್ರಂಥಿ ಕಾಣಲಿಲ್ಲ, ಮಗು ಮಲಗಿದ ರೀತಿಯಿಂದ ಹೃದಯ ಪೂರ್ತಿ ನೋಡಲಾಗಲಿಲ್ಲ ಎಂದು ಬರೆಯುವುದರಲ್ಲಿ ನಾಚಿಕೆಯೇನಿಲ್ಲ. ಟಿಫಾ ಸರಿಯಾಗಿದೆ ಎಂದರೆ ಎಲ್ಲ ದೋಷಗಳೂ ಇಲ್ಲವೆಂದಲ್ಲ. ಕಿವುಡುತನ, ಬುದ್ಧಿಮಾಂದ್ಯ ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಹೃದಯದ ಸಣ್ಣ ರಂಧ್ರಗಳು ತಪ್ಪಿಹೋಗಬಹುದು. ಇದನ್ನು ಸ್ಕ್ಯಾನ್ ಮಾಡುವ ಮೊದಲೇ ಹೇಳಬೇಕು. ಹಾಗೆಯೇ ಕಂಡದ್ದೆಲ್ಲ ರೋಗವೂ ಅಲ್ಲ. ಕಿಡ್ನಿಯ ಸರಳ ನೀರುಗುಳ್ಳೆ, ಥೈರಾಯ್ಡಿನ ನೀರುತುಂಬಿದ ಸಣ್ಣ ಗಂಟು, ಎಳೆಯ ಹೆಣ್ಣುಮಕ್ಕಳ ಅಂಡಾಶಯದ ಮಾಸಿಕ ನೀರುಗುಳ್ಳೆ ಇವಕ್ಕೆ ‘ಹೆದರಬೇಕಿಲ್ಲ’ ಎಂಬ ಮಾತನ್ನು ರಿಪೋರ್ಟಿನ ಕೊನೆಯಲ್ಲಿ ಸೇರಿಸಿದರೆ ಎಷ್ಟೋ ಮನೆಗಳ ನಿದ್ದೆ ಉಳಿಯುತ್ತದೆ. ‘ಗ್ರೇಡ್ 1 ಫ್ಯಾಟಿ ಲಿವರ್’ ಕಂಡವರಿಗೆ ಗಾಬರಿಯೂ ಬೇಡ, ಉಡಾಫೆಯೂ ಬೇಡ. ಸಕ್ಕರೆ, ತೂಕ, ಕುಡಿತ ಮೂರನ್ನೂ ವೈದ್ಯರೊಂದಿಗೆ ಕೂತು ಮಾತಾಡಲಿ.

ಹೇಳುವ ರೀತಿಯೂ ಪರೀಕ್ಷೆಯ ಭಾಗವೇ. ಕನ್ನಡದವರಿಗೆ “ಉಸಿರು ಜಗ್ಗಿ ಹಿಡೀರಿ”, ತೆಲುಗರಿಗೆ “ಗಾಲಿ ಪೀಲ್ಚಿ ಪಟ್ಟುಕೋಂಡಿ”, ಹಳೇ ಊರಿನವರಿಗೆ “ಸಾಂಸ್ ರೋಕೋ ಅಮ್ಮಾ” ಎನ್ನಲು ಕಲಿತದ್ದರಿಂದ ನನ್ನ ಚಿತ್ರಗಳೇ ಸುಧಾರಿಸಿದವು. ಮಗುವಿನ ಎದೆಬಡಿತ ನಿಂತಿರುವುದು ಕಂಡಾಗ ಪರದೆಯತ್ತ ಮುಖಮಾಡಿ ಗೊಣಗಬಾರದು. ಎರಡು ಸಲ ನೋಡಿ ಖಚಿತಪಡಿಸಿಕೊಂಡು, ಜೆಲ್ ಒರೆಸಿ, ಆಕೆ ಎದ್ದು ಕೂತ ಮೇಲೆ, ಆಕೆ ಯಾರನ್ನು ಬಯಸುತ್ತಾಳೋ ಅವರನ್ನು ಒಳಗೆ ಕರೆಸಿ ನೇರವಾಗಿ ಹೇಳಬೇಕು. “ಇದ್ರಾಗ ನಿಮ್ದು ಏನೂ ತಪ್ಪಿಲ್ಲವ್ವಾ” ಎಂಬ ಮಾತನ್ನು ಮನೆಯವರೆಲ್ಲರ ಮುಂದೆ, ಗಟ್ಟಿದನಿಯಲ್ಲಿ ಹೇಳಬೇಕು. ಊರಿಗೆ ಹೋದ ಮೇಲೆ ಆಕೆಗೆ ಬೇಕಾಗುವುದು ಆ ಮಾತೇ.

11. ಕಲಿಸುವುದೂ ನಮ್ಮ ಕೆಲಸ

2022ರ ನವೆಂಬರಿನಲ್ಲಿ ತೆಲಂಗಾಣ ಸರ್ಕಾರ 44 ಸರ್ಕಾರಿ ಆಸ್ಪತ್ರೆಗಳಿಗೆ 56 ಟಿಫಾ ಯಂತ್ರಗಳನ್ನು ಕೊಟ್ಟಿತು; ಪೇಟ್ಲಬುರ್ಜ್ ಹೆರಿಗೆ ಆಸ್ಪತ್ರೆಯಿಂದ ಅದರ ಚಾಲನೆಯಾಯಿತು. ಖಾಸಗಿಯಲ್ಲಿ ಸಾವಿರಾರು ರೂಪಾಯಿ ತೆರಬೇಕಾದ ಸ್ಕ್ಯಾನ್ ಬಡವರಿಗೆ ಉಚಿತವಾಗಿ ಸಿಗುವ ದಾರಿ ಇದು. ಆದರೆ ಅದೇ ಯಂತ್ರ ಇಬ್ಬರ ಕೈಯಲ್ಲಿ ಎರಡು ರೀತಿ ಕೆಲಸ ಮಾಡುತ್ತದೆ. ಹೃದಯದ ನಾಲ್ಕು ಕೋಣೆಗಳನ್ನು ಹೇಗೆ ಹಿಡಿಯಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ಹಿರಿಯರನ್ನು ಕೇಳಬೇಕು ಎಂಬುದನ್ನು ಪಕ್ಕದಲ್ಲಿ ಕೂತು ಕಲಿಸುವವರು ಬೇಕು. 2014ರ ನಿಯಮಗಳು ಎಂಬಿಬಿಎಸ್ ವೈದ್ಯರಿಗೂ ಆರು ತಿಂಗಳ ತರಬೇತಿಗೆ ದಾರಿ ಮಾಡಿವೆ. ಆ ಆರು ತಿಂಗಳು ಸರ್ಟಿಫಿಕೇಟಿಗಾಗಿ ಕಳೆಯದೆ, ಅನುಭವಿಗಳ ಕಣ್ಗಾವಲಿನಲ್ಲಿ ಕಳೆಯುವಂತಾಗಬೇಕು.

ಬೀದರಿನಲ್ಲಿ ಬ್ರಿಮ್ಸ್ ಇದೆ, ಕಲಬುರಗಿಯಲ್ಲಿ ಜಿಮ್ಸ್, ರಾಯಚೂರಿನಲ್ಲಿ ರಿಮ್ಸ್, ಯಾದಗಿರಿಯಲ್ಲೂ ಈಗ ವೈದ್ಯಕೀಯ ಕಾಲೇಜು ಇದೆ. ಈ ಊರಿನ ಹಿರಿಯ ರೇಡಿಯಾಲಜಿಸ್ಟರು ಮನಸ್ಸು ಮಾಡಿದರೆ ಅಲ್ಲಿನ ಕಿರಿಯರನ್ನು ತಿಂಗಳಿಗೊಂದು ಸಲ ಕರೆಸಿ ಕಲಿಸಬಹುದು, ಅನುಮಾನವಿದ್ದ ಚಿತ್ರಗಳನ್ನು ಫೋನಿನಲ್ಲೇ ಚರ್ಚಿಸಬಹುದು. ಕಷ್ಟದ ಪ್ರಶ್ನೆಗಳು ಹೈದರಾಬಾದಿಗೆ ಬರಲಿ, ತಪ್ಪಿಲ್ಲ. ಐದು ತಿಂಗಳ ಬಸುರಿ ಒಂದು ಟಿಫಾ ಸ್ಕ್ಯಾನಿಗಾಗಿ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬರುವುದು ಮಾತ್ರ ನಿಲ್ಲಬೇಕು. ಅವಳ ಜಿಲ್ಲಾಸ್ಪತ್ರೆಯಲ್ಲಿ, ಅವಳ ಮಾತಿನಲ್ಲಿ, 20ನೇ ವಾರ ಮುಗಿಯುವುದರೊಳಗೆ ಆ ಸ್ಕ್ಯಾನ್ ಆಗುವಂತೆ ಮಾಡುವುದು ನಮ್ಮ ವೃತ್ತಿಯವರ ಮುಂದಿರುವ ಮೊದಲ ಕೆಲಸ.